ನಾನು ಹಿಡಿದ ಮೋಲಿಗೆ ಮೂರೇ ಸೊನ್ನೆ

ಮೊನ್ನೆ ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ಇಡ್ಲಿಗೆ ಕಾಯುತ್ತಾ ಜಗಲಿಯಲ್ಲಿ ಕೂತಿದ್ದೆ. ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದುತ್ತಿರುವ ಮೊಮ್ಮಗಳಿಂದ ವಾಟ್ಸಾಪಿನಲ್ಲಿ ಒಂದು ಲೆಕ್ಕ ಬಂತು. "ತಾತ, ಸೆಕೆಂಡಿಗೆ 1.67 ಪಿಕೋಮೋಲ್ ಅಂದ್ರೆ ಗಂಟೆಗೆ ಎಷ್ಟು ನ್ಯಾನೋಮೋಲ್? ಇನ್ಸುಲಿನ್ ಲೆಕ್ಕ. ಬೇಗ ಹೇಳಿ."

ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನು ನಾನು. ಇನ್ಸುಲಿನ್ ವಿಷಯದಲ್ಲಂತೂ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ನನಗಿಂತ ಅನುಭವಸ್ಥರಿಲ್ಲ. ಗಂಟೆಗೆ 3600 ಸೆಕೆಂಡು, ಗುಣಿಸಿದೆ. "6012 ನ್ಯಾನೋಮೋಲ್" ಎಂದು ಕಳಿಸಿ, ಆ ಧೈರ್ಯದಲ್ಲೇ ಮೂರನೇ ಇಡ್ಲಿಗೂ ಕೈ ಹಾಕಿದೆ.

ಇಡ್ಲಿ ಬಾಯಿಗೆ ಹೋಗುವ ಮೊದಲೇ ಉತ್ತರ ಬಂತು. "ತಾತ, 6 ನ್ಯಾನೋಮೋಲ್ ಅಂದ್ರೇನೇ 1 ಯೂನಿಟ್. ನೀವು ಹೇಳಿದಷ್ಟು ಬಿಟ್ರೆ ಗಂಟೆಗೆ ಸಾವಿರ ಯೂನಿಟ್. ಮನುಷ್ಯ ಉಳೀತಾನಾ?"

ನಮ್ಮ ಫ್ರಿಜ್ಜಿನಲ್ಲಿರುವ ಬಾಟಲಿಯಲ್ಲಿ ಮಿಲಿಲೀಟರಿಗೆ 40ರಂತೆ ಒಟ್ಟು 400 ಯೂನಿಟ್ ಇರುತ್ತದೆ. ಅಂದರೆ ನನ್ನ ಲೆಕ್ಕದ ರೋಗಿಗೆ ಗಂಟೆಗೆ ಎರಡೂವರೆ ಬಾಟಲಿ! ನಾನು ಬೆಳಿಗ್ಗೆ ಚುಚ್ಚಿಕೊಳ್ಳುವುದು 14 ಯೂನಿಟ್, ಅಂದರೆ ಬರೀ 84 ನ್ಯಾನೋಮೋಲ್. ಅಷ್ಟಕ್ಕೇ ಹನ್ನೊಂದು ಗಂಟೆಯ ಹೊತ್ತಿಗೆ ಕೈ ನಡುಗಿ, ಮನೆಯವಳ ಕಣ್ಣು ತಪ್ಪಿಸಿ ಬೆಲ್ಲದಚ್ಚು ಹುಡುಕುತ್ತೇನೆ.

ಆಗಿದ್ದಿಷ್ಟೆ. ಮಿಲಿ, ಮೈಕ್ರೋ, ನ್ಯಾನೋ, ಪಿಕೋ ಎಂಬ ಈ ಮೆಟ್ಟಿಲುಗಳಲ್ಲಿ ಒಂದೊಂದು ಇಳಿದಾಗಲೂ ಮೂರು ಸೊನ್ನೆ ಕಳೆಯುತ್ತದೆ. ನಾನು ಸೆಕೆಂಡನ್ನು ಗಂಟೆ ಮಾಡಿದೆ, ಪಿಕೋವನ್ನು ನ್ಯಾನೋ ಮಾಡುವುದನ್ನು ಮರೆತೆ. ಹೀಗೆ ಮರೆತವನು ಒಪ್ಪಿಕೊಳ್ಳಬೇಕು ತಾನೆ? ಇಲ್ಲ, ಅರ್ಧ ಗಂಟೆ ವಾದ ಮಾಡಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅಂದವನಾದರೂ ಎಣಿಸಿದ್ದು ಕಾಲನ್ನು. ನಾನು ಹಿಡಿದ ಮೋಲಿಗೆ ಮೂರೇ ಸೊನ್ನೆ, ಅದೂ ಬಾಲದಲ್ಲಿ.

ಈ ಮೋಲ್ ಎಂಬ ಪ್ರಾಣಿಯೂ ಸಾಮಾನ್ಯದ್ದಲ್ಲ. ಬಾಳೆಹಣ್ಣಿಗೆ ಡಜನ್ ಹೇಗೋ ಅಣುಗಳಿಗೆ ಮೋಲ್ ಹಾಗೆ. ಆದರೆ ಡಜನ್ನಿಗೆ ಹನ್ನೆರಡಾದರೆ ಮೋಲಿಗೆ 6022ರ ಮುಂದೆ ಇಪ್ಪತ್ತು ಸೊನ್ನೆ ಬರೆಯಬೇಕು. ಕಿಲೋಗ್ರಾಂ, ಮೀಟರುಗಳ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಿದ್ದು 1971ರಲ್ಲಿ. ನಮ್ಮ ಕಡೆ ಅದಕ್ಕೂ ಮುಂಚೆಯೇ ಪರಿವರ್ತನೆಯ ಕಾಟವಿತ್ತು. 1957ರಲ್ಲಿ ನಯಾ ಪೈಸೆ ಬಂದಾಗ ಆರಾಣೆಗೆ ಮೂವತ್ತೇಳೂವರೆ ಪೈಸೆ ಕೊಡುವುದು ಹೇಗೆಂದು ನಮ್ಮಪ್ಪ ತೆರಕಣಾಂಬಿಯಲ್ಲಿ ಒಬ್ಬ ಅಂಗಡಿಯವನ ಹತ್ತಿರ ಜಗಳ ಕಾದಿದ್ದರಂತೆ. ಆ ಅರ್ಧ ಪೈಸೆ ಕೊನೆಗೂ ಬರಲಿಲ್ಲ. ವಂಶಪಾರಂಪರ್ಯವಾಗಿ ನನಗೆ ಬಂದಿರುವುದು ಆ ಬಾಕಿಯೂ ಸಕ್ಕರೆ ಕಾಯಿಲೆಯೂ.

ಸಕ್ಕರೆ ಅಂದಾಗ ನೆನಪಾಯಿತು. ಲಂಡನ್ನಿನಲ್ಲಿರುವ ಸೋದರಳಿಯ ಫೋನಿನಲ್ಲಿ "ಮಾವ, ನನ್ನ ಶುಗರ್ 9" ಅಂದಿದ್ದ. ನನ್ನದು 162 ಇತ್ತು. "ಪುಣ್ಯವಂತ ಕಣಪ್ಪಾ" ಎಂದು ಹೊಟ್ಟೆ ಉರಿದುಕೊಂಡೆ. ಅಲ್ಲಿಯವರು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಹೇಳುತ್ತಾರೆ, 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಒಂಬತ್ತು ಹದಿನೆಂಟಲ ನೂರಾ ಅರವತ್ತೆರಡು. ಇಬ್ಬರದೂ ಒಂದೇ ಪುಣ್ಯ.

ಸೋತ ಮನಸ್ಸಿಗೆ ಸಮಾಧಾನವಾಗಲೆಂದು ಶನಿವಾರ ಮನೆಯವಳ ಜೊತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆ. ತಪ್ಪಲಿನಿಂದ ಸರ್ಕಾರಿ ಬಸ್ಸು, 1454 ಮೀಟರ್ ಎತ್ತರ, ಮುಖಕ್ಕೇ ಬಂದು ಒರಗುವ ಮಂಜು. ಅಲ್ಲಿ ಗರ್ಭಗುಡಿಯ ಬಾಗಿಲ ಮೇಲುಗಡೆಯಿಂದ ತಣ್ಣನೆಯ ನೀರು ಜಿನುಗುತ್ತದೆ. ಅರ್ಚಕರು ಅದನ್ನೇ ಭಕ್ತರ ಮೇಲೆ ಪ್ರೋಕ್ಷಿಸುತ್ತಾರೆ. ಎಲ್ಲರೂ ಕೈಮುಗಿದರೆ ನಾನು ಗಡಿಯಾರ ನೋಡಿದೆ. ಒಂದು ಹನಿ ತುಂಬಿಕೊಂಡು, ತೂಗಿ, ಬೀಳಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಅದು ನಿಮಿಷಕ್ಕೊಂದರಂತೆ ಬೀಳುತ್ತದೆ ಅನ್ನೋಣ. ಆಸ್ಪತ್ರೆಯ ಡ್ರಿಪ್ಪಿನ ಲೆಕ್ಕದಲ್ಲಿ 20 ಹನಿಗೆ ಒಂದು ಮಿಲಿಲೀಟರ್; ನೀರಿನ ಒಂದು ಮೋಲು 18 ಗ್ರಾಂ, ಮತ್ತದೇ ಹದಿನೆಂಟು. ಹನಿಗೆ 2.8 ಮಿಲಿಮೋಲ್. ಸೆಕೆಂಡಿಗೆ 46 ಮೈಕ್ರೋಮೋಲ್ ಅಂದರೂ ದಿನಕ್ಕೆ 4 ಮೋಲ್ ಅಂದರೂ ಅದೇ ಹನಿ.

ಹಾಗಾದರೆ ಸೆಕೆಂಡಿಗೆ ಒಂದೇ ಒಂದು ಪಿಕೋಮೋಲ್ ಜಿನುಗಿದರೆ? ಒಂದು ಹನಿ ಕೂಡಲು 88 ವರ್ಷ! ನಿಮಿಷಕ್ಕೊಂದು ಪಿಕೋಮೋಲ್ ಆದರೆ 5280 ವರ್ಷ. ಈ ಗುಡಿ ಕಟ್ಟಿದ್ದು 1315ರಲ್ಲಿ ಎನ್ನುತ್ತಾರೆ. ಅವತ್ತಿನಿಂದ ಸೆಕೆಂಡಿನ ಲೆಕ್ಕದಲ್ಲಿ ಜಿನುಗಿದ್ದರೆ ಇವತ್ತಿಗೆ ಎಂಟು ಹನಿ. ನಿಮಿಷದ ಲೆಕ್ಕದಲ್ಲಾದರೆ ಕಾಲು ಹನಿಯೂ ಇಲ್ಲ. ಇಂಥ ಪಿಕೋಮೋಲುಗಳನ್ನು ಆರೋಗ್ಯವಂತರ ಮೇದೋಜೀರಕ ಗ್ರಂಥಿ ನಿದ್ದೆಯಲ್ಲೂ ಅಳೆದಳೆದು ರಕ್ತಕ್ಕೆ ಬಿಡುತ್ತದಲ್ಲ, ಉಪವಾಸವಿದ್ದಾಗಲೂ ಗಂಟೆಗೆ ಅರ್ಧದಿಂದ ಒಂದು ಯೂನಿಟ್ಟಿನಷ್ಟು! ನನ್ನ ಗ್ರಂಥಿ ನನ್ನ ಹಾಗೇ ನಿವೃತ್ತಿ ತೆಗೆದುಕೊಂಡಿದೆ, ಪಿಂಚಣಿ ಮಾತ್ರ ನನಗೊಬ್ಬನಿಗೇ.

"ಏನ್ ಸಾ, ಸ್ವಾಮಿಯ ಯಾವಾಗ್ಲಾರಾ ನೋಡ್ಬೋದು, ಸ್ವಲ್ಪ ಮುಂದಕ್ ನಡೀರಿ" ಎಂದರು ಹಿಂದಿದ್ದವರು. ಅಷ್ಟರಲ್ಲಿ ಹನಿ ಬಿದ್ದಿತ್ತು, ನನ್ನ ಬೋಳುತಲೆಯ ಮೇಲೆ. ಸಮಯ ನೋಡಿಕೊಳ್ಳುವುದು ಮರೆತೇಹೋಯಿತು.

ಇಳಿದು ಬಂದು ಗುಂಡ್ಲುಪೇಟೆ ಬಸ್ಟ್ಯಾಂಡಿನಲ್ಲಿ ಮನೆಯವಳು ಮಲ್ಲಿಗೆ ಕೇಳಿದಳು. ಹೂವಿನಾಕೆ ಮೊಳ ಹಾಕುವಾಗ ಮೊಣಕೈ ಎಲ್ಲೋ ಅರ್ಧಕ್ಕೇ ನಿಂತಂತೆ ಕಂಡಿತು. ಮೋಲಿನಲ್ಲಿ ಸೋತವನು ಮೊಳದಲ್ಲಾದರೂ ಗೆಲ್ಲಬೇಡವೇ? "ಅಳತೆ ಸರಿಯಿಲ್ಲ ಕಣಮ್ಮ" ಎಂದೆ.

"ಆಗಲಿ ಬುಡಿ ಸಾ, ನಿಮ್ ಕೈಲೇ ಅಳ್ಕಳಿ" ಎಂದು ಹೂವಿನ ಸರವನ್ನು ನನ್ನ ಕಡೆಗೇ ಚಾಚಿದಳು.

ಅಳೆದೆ. ನನ್ನ ಕೈ ಅವಳದಕ್ಕಿಂತ ಎರಡು ಬೆರಳು ಗಿಡ್ಡ.