ಕಮಲಾ ಅವರ ಯಜಮಾನರು

ವ್ಯಂಗ್ಯಚಿತ್ರಕಾರನೊಬ್ಬ ಸ್ವಂತ ಹೆಂಡತಿಯ ಚಿತ್ರ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕಾದರೆ ಗುಂಡಿಗೆ ಗಟ್ಟಿಯಿರಬೇಕು. ಮಂತ್ರಿಯ ಮೂಗನ್ನು ಅರ್ಧ ಇಂಚು ಎಳೆದರೂ ಮಂತ್ರಿ ನಕ್ಕು ಸುಮ್ಮನಾದಾರು. ಹೆಂಡತಿಯ ಮೂಗು ಕೂದಲೆಳೆಯಷ್ಟು ಉದ್ದವಾದರೆ ಸಂಜೆಯ ಕಾಫಿಗೇ ಸಂಚಕಾರ. ಆರ್.ಕೆ. ಲಕ್ಷ್ಮಣ್ ಆ ಸಾಹಸಕ್ಕೂ ಕೈಹಾಕಿದರು. ‘ಫಿಲ್ಮ್‌ಫೇರ್’ ಪತ್ರಿಕೆಯಲ್ಲಿ ಅವರದೊಂದು ಚಿತ್ರಮಾಲಿಕೆ ಬರುತ್ತಿತ್ತು. ತಾವು ಎಂದೂ ಭೇಟಿಯಾಗದ ತಾರೆಯರ ಬಗೆಗಿನ ಮಾಲಿಕೆ ಅದು. ಅದರಲ್ಲೊಮ್ಮೆ ಮಡದಿ ಕಮಲಾ ಅವರ ಚಿತ್ರ ಬರೆದು, ತಾವು ಭೇಟಿಯಾದ ತಾರೆ ಇವರೊಬ್ಬರೇ ಎಂಬರ್ಥದ ತಲೆಬರಹ ಕೊಟ್ಟರು.

ಇದರಲ್ಲಿ ಇನ್ನೊಂದು ಕಿತಾಪತಿ ಅಡಗಿದೆ. ಲಕ್ಷ್ಮಣ್ ನಿಜವಾದ ಸಿನಿಮಾ ತಾರೆಯೊಬ್ಬರನ್ನೇ ಮೊದಲು ಮದುವೆಯಾಗಿದ್ದವರು. ಬೇಬಿ ಕಮಲಾ ಎಂದು ಮನೆಮಾತಾಗಿದ್ದ, ಭರತನಾಟ್ಯದ ಕುಮಾರಿ ಕಮಲಾ ಅವರು. ಆ ಮದುವೆ ವಿಚ್ಛೇದನದಲ್ಲಿ ಮುಗಿದ ಮೇಲೆ ಕೈಹಿಡಿದದ್ದು ಸೋದರಸೊಸೆಯನ್ನು. ಅವರ ಹೆಸರೂ ಕಮಲಾ! ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮ ಕಡೆ ಸಲೀಸಾದ ಮಾತು. ಲಕ್ಷ್ಮಣ್ ಕಡೆಗೆ ನೆಲೆಸಿದ ಪುಣೆಯವರು ಕೇಳಿದರೆ ಹುಬ್ಬೇರಿಸುತ್ತಾರೆ. ಅದೇನೇ ಇರಲಿ, ಹೆಂಡತಿಯ ಹೆಸರು ತಪ್ಪಿ ಕರೆದು ಸಿಕ್ಕಿಬೀಳುವ ಅಪಾಯದಿಂದ ಲಕ್ಷ್ಮಣ್ ಆಜೀವ ಪಾರಾದರು. ಫಿಲ್ಮ್‌ಫೇರಿನ ತಾರಾಪಟ್ಟ ದಕ್ಕಿದ್ದು ಮಾತ್ರ, ತೆರೆಯ ಮೇಲೆ ಎಂದೂ ಕುಣಿಯದ ಈ ಎರಡನೆಯ ಕಮಲಾ ಅವರಿಗೆ.

ಮೈಸೂರಿನ ಹೆಡ್‌ಮಾಸ್ಟರರ ಮನೆಯ ಗಂಡುಮಕ್ಕಳಲ್ಲಿ ಲಕ್ಷ್ಮಣರೇ ಕಡೆಯವರು, 1921ರಲ್ಲಿ ಹುಟ್ಟಿದವರು. ನೆಲ, ಗೋಡೆ, ಬಾಗಿಲು ಎನ್ನದೆ ಗೀಚುತ್ತಿದ್ದ ಹುಡುಗ. ತಂದೆಯ ಚಿತ್ರವನ್ನೂ ನೆಲದ ಮೇಲೇ ಬರೆದವನು! ಬೀದಿಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಕೂಡ. ಅಣ್ಣ ಆರ್.ಕೆ. ನಾರಾಯಣ್ ಮಾಡಿದ್ದೇನು? ತಮ್ಮನ ಪುಂಡಾಟಗಳನ್ನೇ ಕಥೆ ಮಾಡಿಕೊಂಡರು. ತಮ್ಮ ಮಾಡಿದ್ದು, ಅಣ್ಣನ ಕಥೆಗಳಿಗೆ ಚಿತ್ರ ಬರೆದುಕೊಟ್ಟದ್ದು. ಓದುತ್ತಿದ್ದಾಗಲೇ ‘ರಾಶಿ’ಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಗೆರೆ ಎಳೆದರು. ಅಣ್ಣನ ಕಥೆಗಳ ಊರಾದ ಮಾಲ್ಗುಡಿಯ ರೈಲ್ವೆ ಸ್ಟೇಷನ್ ಹೇಗಿದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದು ಇವರ ಗೆರೆಗಳಿಂದಲೇ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು: ಮನೆಯಲ್ಲಿ ಯಾರು ಲೇಖನಿ ಹಿಡಿದರೂ ಚಿತ್ರದ ಖರ್ಚಿಲ್ಲ. ಕಮಲಾ ಮಕ್ಕಳಿಗಾಗಿ ತೆನಾಲಿ ರಾಮನ ಕಥೆ ಬರೆದರು. ಥಾಮಾ ಎಂಬ ಆನೆಮರಿಯ ಕಥೆಗಳನ್ನು ಬರೆದರು. ಬೆಳಿಗ್ಗೆಯಿಂದ ಪ್ರಧಾನಿ, ವಿರೋಧ ಪಕ್ಷ, ಬಜೆಟ್ಟು ಎಂದು ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಕೈ ಸವೆಸುತ್ತಿದ್ದ ಯಜಮಾನರು ಆನೆಮರಿಯ ಸೊಂಡಿಲು, ಬಾಲಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಟ್ಟರು. ರಾಜಕಾರಣಿಗಳನ್ನು ಬರೆದು ಬೇಸತ್ತ ಕೈಗೆ ಆನೆಮರಿ ಎಷ್ಟು ಹಿತವಾಗಿರಬೇಕು!

ಮಗ ಶ್ರೀನಿವಾಸ್ ಅಪ್ಪನ ಪತ್ರಿಕೆಯಲ್ಲೇ ಪತ್ರಕರ್ತರಾದರು. ಆದರೆ ಅವರ ಕಣ್ಣೆಲ್ಲ ಆಕಾಶದ ಮೇಲೆ. ಬರೆದದ್ದು ಬಾಹ್ಯಾಕಾಶದ ಬಗ್ಗೆ. ಅಪ್ಪನೂ ಬಿಡಲಿಲ್ಲ, ತಮ್ಮ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯನನ್ನು ಚಂದ್ರನಿಗೆ ಕಳಿಸಲು ವಿಜ್ಞಾನಿಗಳ ಮುಂದೆ ನಿಲ್ಲಿಸಿದರು. ನೀರು, ಅನ್ನ, ಬೆಳಕು, ಸೂರು ಏನೂ ಇಲ್ಲದೆ ಬದುಕಿ ಅಭ್ಯಾಸವಿರುವುದರಿಂದ ಚಂದ್ರಲೋಕಕ್ಕೆ ಈತನೇ ತಕ್ಕವನು ಎಂಬುದು ಆ ಚಿತ್ರದ ವಾದ. ಮುಂದೆ ಮಗ ಮಂಗಳಯಾನದ ಬಗ್ಗೆ ಪುಸ್ತಕ ಬರೆದಾಗ ಅಪ್ಪನಿಗೆ 90 ದಾಟಿತ್ತು. ಮಂಗಳಯಾನದ ಮೇಲೆ ಲಕ್ಷ್ಮಣ್ ಬರೆದವೂ ಅವರ ಕೊನೆಯ ವ್ಯಂಗ್ಯಚಿತ್ರಗಳಲ್ಲಿ ಸೇರಿವೆ.

ಆ ಹೊತ್ತಿಗೆ ಸಂಸಾರ ಮುಂಬೈ ಬಿಟ್ಟು ಪುಣೆಯಲ್ಲಿ ನೆಲೆಸಿತ್ತು. 2003ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತ್ತು. ಬಲಗೈ ಇದೆಯಲ್ಲ ಎಂದು ಲಕ್ಷ್ಮಣ್ ಬರೆಯುತ್ತಲೇ ಇದ್ದರು. 2010ರಲ್ಲಿ ಮತ್ತೆ ಆಘಾತವಾಗಿ ಮಾತೂ ಕಷ್ಟವಾಯಿತು. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕದ ಅವರ ಶ್ರೀಸಾಮಾನ್ಯನಾದರೋ 1951ರಿಂದಲೂ ತುಟಿ ಬಿಚ್ಚಿದವನಲ್ಲ. ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಎಂದು ಚಿತ್ರದಲ್ಲಿ ಇಡೀ ದೇಶವನ್ನೇ ತುಂಬುತ್ತಿದ್ದ ಲಕ್ಷ್ಮಣ್, ಅಚ್ಚಿಗೆ ಹೊತ್ತಾಯಿತೆಂಬ ಅವಸರದಲ್ಲಿ ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದಾಗ ಕೊನೆಗೆ ಉಳಿದವನು ಇವನು. ಅವನ ಮನೆಯಲ್ಲಿ ಮಾತಿನ ಖಾತೆ ಹೆಂಡತಿಯದು. ಈ ಖಾತೆ ಹಂಚಿಕೆಯನ್ನು ಲಕ್ಷ್ಮಣ್ ಎಲ್ಲಿ ನೋಡಿ ಕಲಿತರೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಪುಣೆಯಲ್ಲಿ ಅವರು ತೀರಿಕೊಂಡರು, 93 ವರ್ಷ. ಪುಣೆಯ ಸಿಂಬಯೋಸಿಸ್ ಆವರಣದಲ್ಲಿ 2001ರಿಂದಲೇ ನಿಂತಿರುವ ಶ್ರೀಸಾಮಾನ್ಯನ ಕಂಚಿನ ಪ್ರತಿಮೆಯ ಬಳಿ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಟ್ಟಿದ್ದರು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸರ್ಕಾರವನ್ನು ಜೀವಮಾನವೆಲ್ಲ ಗೇಲಿ ಮಾಡಿದವರಿಗೆ ಸರ್ಕಾರವೇ ಸಲ್ಲಿಸಿದ ಗೌರವ! ಕಮಲಾ ಅದೇ ವರ್ಷದ ನವೆಂಬರಿನಲ್ಲಿ ಹೊರಟರು.

ಪುಣೆಗೆ ಹೋಗುವ ಕನ್ನಡಿಗರು ಶನಿವಾರವಾಡೆ ನೋಡಿ, ದಗಡೂಶೇಠ್ ಗಣಪತಿಗೆ ಕೈಮುಗಿದು, ಬಾಕರವಡಿ ಕಟ್ಟಿಸಿಕೊಂಡು ವಾಪಸಾಗುತ್ತಾರೆ. ಇನ್ನೊಂದು ಅರ್ಧ ದಿನ ಉಳಿಸಿಕೊಂಡು ಬಾಲೇವಾಡಿಗೆ ಹೋಗಿ ಬನ್ನಿ. ಅಲ್ಲಿ 2022ರ ಮಾರ್ಚಿನಲ್ಲಿ ತೆರೆದ ಲಕ್ಷ್ಮಣ್ ವಸ್ತುಸಂಗ್ರಹಾಲಯವಿದೆ, ಅದರೊಳಗೆ ಮಾಲ್ಗುಡಿಯ ಪುಟ್ಟ ಮಾದರಿಯೂ ಇದೆ. ಮಕ್ಕಳನ್ನು ಬಿಟ್ಟು ಹೋಗಬೇಡಿ. ವಾಪಸು ಬಂದ ಮೇಲೆ ಅವರು ಗೋಡೆಯ ಮೇಲೆ ನಿಮ್ಮ ಮೂಗನ್ನು ಮೊಳದುದ್ದ ಬರೆದರೆ, ದಯವಿಟ್ಟು ಬೈಯಬೇಡಿ. ಸುಣ್ಣ ಬಳಿಸುವುದನ್ನೂ ಒಂದು ವರ್ಷ ಮುಂದೂಡಿ.