‘ಟೈರು ಸುಟ್ಟಾಗ ಹುಟ್ಟಿದೋನು ನಾನು’: ತಗಡೂರು ಕಡೆಯ ಹಂಪ್ಸ್ ಜೊತೆ ಕಾಲ್ಪನಿಕ ಸಂದರ್ಶನ

ತಗಡೂರಿನ ಕಡೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆಲ್ಲ ಇವರ ಪರಿಚಯವಿದೆ. ತಲೆ ಚಾವಣಿಗೆ ಬಡಿದ ಕ್ಷಣದಲ್ಲೇ ಆಗುವ ಪರಿಚಯ ಅದು. ಪತ್ರಿಕೆಗಳಲ್ಲಿ ಇವರ ಪೂರ್ಣ ಹೆಸರು ‘ಅವೈಜ್ಞಾನಿಕ ರಸ್ತೆ ಉಬ್ಬು’. ಮಾತಿಗೆ ಹೋದಾಗ ಮೈಮೇಲೆ ಹುರುಳಿ ಹರಡಿಕೊಂಡು ಮಲಗಿದ್ದರು. ಪಕ್ಕದಲ್ಲಿ ಒಬ್ಬಾಕೆ ಮೊರ ಹಿಡಿದು ತೂರುತ್ತಿದ್ದಳು. ಲಾರಿ ಬಂದರೆ ಎರಡು ಹೆಜ್ಜೆ ಸರಿಯುವುದು, ಹೋದ ಮೇಲೆ ಮತ್ತೆ ತೂರುವುದು. ಒಕ್ಕಣೆ ಖರ್ಚು ಲಾರಿಯವನದು.

ಹಂಪಣ್ಣ, ನೀವು ಹುಟ್ಟಿದ್ದು ಯಾವಾಗ?

ದಾಖಲೆ ಇಲ್ಲ ಸ್ವಾಮಿ. ಠರಾವಿಂದ ಹುಟ್ಟಿದೋನಾದ್ರೆ ತಾರೀಖು ಇರ್ತಿತ್ತು. ನಾನು ಟೈರು ಸುಟ್ಟಾಗ ಹುಟ್ಟಿದೋನು. ಸಾಯಂಕಾಲ ಇಸ್ಕೂಲು ಬಿಟ್ಟು ಬರೋ ಮಗೀಗೆ ಬೈಕು ಗುದ್ತು. ಜನ ಕಲ್ಲು ಅಡ್ಡ ಇಟ್ರು, ಟೈರಿಗೆ ಬೆಂಕಿ ಹಾಕಿದ್ರು. ಎರಡೂ ಕಡೆ ಬಸ್ಸು ಸಾಲಾಗಿ ನಿಂತ ಮೇಲೆ ಪೊಲೀಸ್ನೋರು ಬಂದ್ರು, ಯಾರ್ಯಾರಿಗೋ ಫೋನ್ ಹೋಯ್ತು. ಬೆಳಕು ಹರಿಯೋದ್ರೊಳಗೆ ಜಲ್ಲಿ, ಡಾಂಬರು, ನಾನು. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು ಇದು, ಸತ್ಯಾಗ್ರಹ ನಮ್ಮ ಜನಕ್ಕೆ ಹೇಳ್ಕೊಡಬೇಕಾ? ರಾಯರು ಖಾದಿ ನೇಯಿಸಿದ್ರು, ಇವರು ಟೈರು ಸುಟ್ರು.

ಪಂಚಾಯ್ತಿಯಲ್ಲಿ ಕೈ ಎತ್ತಿಸಿ ಮಂಜೂರು ಮಾಡಿಸಬಹುದಿತ್ತಲ್ಲ?

ಕೈ ಎತ್ತೋರಿಗೇನು, ಊಟದ ಟೈಮಾದ್ರೆ ಎರಡೂ ಕೈ ಎತ್ತುತಾರೆ. ರಸ್ತೆ ಅವರದಾದ್ರಲ್ವಾ? ರಸ್ತೆ ಲೋಕೋಪಯೋಗಿದು, ಚರಂಡಿ ಪಂಚಾಯ್ತಿದು, ಕರೆಂಟ್ ಕಂಬ ಸೆಸ್ಕ್‌ದು, ದಾಟೋನು ನಂಜುಂಡೇಶ್ವರಂದು. ಪಂಚಾಯ್ತಿ ಬರೆದ ಕಾಗದ ಉಪವಿಭಾಗಕ್ಕೆ ಹೋಗಿ, ವಿಭಾಗಕ್ಕೆ ಹೋಗಿ, ಅಲ್ಲಿಂದ ‘ಸ್ಥಳ ಪರಿಶೀಲಿಸಿ ವರದಿ ನೀಡಿ’ ಅಂತ ವಾಪಸ್ ಬರೋದ್ರೊಳಗೆ ಮಗೀಗೆ ಮದ್ವೆ ಆಗಿರ್ತದೆ. ಬದುಕಿದ್ರೆ.

ತಾಲ್ಲೂಕು ಕೇಂದ್ರ ನಂಜನಗೂಡಲ್ಲಿ ನಗರಸಭೆ ಇದೆ. ಅಲ್ಲಿ ರಸ್ತೆ ದಾಟುವವರಿಗಾಗಿ ಬೈಲಾ ಮಾಡಬಹುದಲ್ಲ?

ಮಾಡ್ಬೋದು. 1964ರ ಪುರಸಭೆ ಕಾಯ್ದೇಲಿ ಬೈಲಾಗೆ ದಾರಿ ಅದೆ. ಕರಡು ಹೊರಡಿಸ್ಬೇಕು, ಆಕ್ಷೇಪಣೆ ಕೇಳ್ಬೇಕು, ಸರ್ಕಾರ ಒಪ್ಬೇಕು. ಅಷ್ಟೆಲ್ಲ ಆದ್ಮೇಲೆ ಊರ ನಡುವೆ ನೋಡಿದ್ರೆ ಹೆದ್ದಾರಿ 766! ಅದು ಕೇಂದ್ರದ್ದು. ಸಭೆಲಿ ಮಾತ್ರ ಜೀಬ್ರಾ ಪಟ್ಟೆ ಬಳಿಸೋ ವಿಷಯ ಯಾರೂ ವಿರೋಧ ಮಾಡಕಿಲ್ಲ. ಸರ್ವಾನುಮತ. ನಮ್ಮ ದೇಶದಲ್ಲಿ ಸರ್ವಾನುಮತದಿಂದ ಪಾಸಾದ ಕೆಲಸಕ್ಕಿಂತ ನಿಧಾನದ್ದು ಇನ್ನೊಂದಿಲ್ಲ ಬುಡಿ.

ಜೀಬ್ರಾ ಪಟ್ಟೆಯ ಮೇಲೆ ನಿಮಗೆ ಹೊಟ್ಟೆಕಿಚ್ಚಾ?

ಕಿಚ್ಚಲ್ಲ, ಕನಿಕರ. ಪಾಪ, 1951ರಲ್ಲಿ ಇಂಗ್ಲೆಂಡಿನ ಸ್ಲೌನಲ್ಲಿ ಹುಟ್ಟಿದ ದೊಡ್ಡ ಮನೆತನದೋನು. ಅರ್ಧ ಮೀಟರ್ ಅಗಲದ ಪಟ್ಟೆ, ಬಿಸಿ ಬಣ್ಣ, ರಾತ್ರಿ ಹೊಳೆಯೋಕೆ ಗಾಜಿನ ಸಣ್ಣ ಮಣಿ. ಕಾನೂನೂ ಅವನ ಕಡೆಗೇ. ಪೊಲೀಸು, ಸಿಗ್ನಲ್ಲು ಇಲ್ಲದ ಕಡೆ ಪಟ್ಟೆ ಮೇಲೆ ಮೊದಲ ಹಕ್ಕು ಕಾಲ್ನಡಿಗೆಯೋನ್ದು ಅಂತ 2017ರ ನಿಯಮದಲ್ಲೇ ಬರೆದವ್ರೆ. ಆದ್ರೆ ನಂಜನಗೂಡಲ್ಲಿ ಬ್ರೇಕು ಒತ್ತೋನಿಗೆ ಆ ನಿಯಮ ಗೊತ್ತಿಲ್ಲ, ಗೊತ್ತಿರೋನು ದಾಟಕಿಲ್ಲ. ಪಟ್ಟೆ ಮೇಲೆ ಆಟೋ ನಿಂತಿರ್ತದೆ, ಪಕ್ಕದಲ್ಲಿ ರಸಬಾಳೆ ಗಾಡಿ. ವರ್ಷಕ್ಕೊಂದಪ ದೊಡ್ಡ ಜಾತ್ರೇಲಿ ಐದು ತೇರು ಎಳೀವಾಗ ಮಾತ್ರ ಅಲ್ಲಿ ಗಾಡಿಗಳು ದೂರ ನಿಂತು ನಡೆಯೋನಿಗೆ ರಸ್ತೆ ಬಿಡ್ತವೆ.

ಹಾಗಾದರೆ ನಮ್ಮ ಕಡೆ ವಾಹನ ನಿಲ್ಲಿಸಲು ಸಾಧ್ಯವೇ ಇಲ್ಲ ಅನ್ನುತ್ತೀರಾ?

ಯಾಕಿಲ್ಲ? ಅದೇ 766ರಲ್ಲಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿಗೆ ಹೋಗಿ ನೋಡಿ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರಗಂಟ ಸಂಚಾರ ಬಂದ್. ಹಗಲು ಹೋಗೋರಿಗೆ ಸಾಲಾಗಿ ನಮ್ಮ ನೆಂಟರು ಮಲಗವ್ರೆ. ಆನೆ, ಜಿಂಕೆ ದಾಟಬೇಕಲ್ಲ! ಒಳ್ಳೇದೇ, ದಾಟಲಿ. ಆದ್ರೆ 2022ರಲ್ಲಿ ಈ ದೇಶದ ರಸ್ತೆಲಿ ಸತ್ತ ಕಾಲ್ನಡಿಗೆಯೋರು 32,825 ಜನ ಅಂತ ಕೇಂದ್ರ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟದೆ. ಇವರಿಗೆ ಸೊಂಡ್ಲು ಇದ್ದಿದ್ರೆ ಏನಾದ್ರೂ ಆಗ್ತಿತ್ತೋ ಏನೋ.

ನಿಮ್ಮನ್ನು ಆಗಾಗ ಕಿತ್ತುಹಾಕುತ್ತಾರಂತೆ?

ಮಂತ್ರಿಗಳು ಬರೋ ಹಿಂದಿನ ರಾತ್ರಿ. ಜೆಸಿಬಿ ತಂದು ಕೆರೀತಾರೆ. ಅವರ ಸೊಂಟ ಸರ್ಕಾರಿ ಸೊಂಟ, ನೋಯಬಾರದು. ಮತ್ತೆ ಹುಟ್ಟಬೇಕು ಅಂದ್ರೆ ಮತ್ತೊಂದು ಮಗು ಬೀಳಬೇಕು, ಮತ್ತೊಂದು ಟೈರು ಸುಡಬೇಕು.

ನಿಮ್ಮ ಮೇಲೂ ಆರೋಪ ಇದೆ. ಬೈಕಿನ ಹಿಂದೆ ಕೂತವರನ್ನು ಬೀಳಿಸಿದ್ದೀರಿ.

(ಇಲ್ಲಿ ಹಂಪಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಕೆ ಇವರ ಬೆನ್ನ ಮೇಲಿನ ಹುರುಳಿಯನ್ನು ಪೊರಕೆಯಲ್ಲಿ ಗುಡ್ಡೆ ಮಾಡಿದಳು. ಅಡಿಯಲ್ಲಿ ಕಂಡದ್ದು ಬರೀ ಕಪ್ಪು, ಒಂದು ಗೆರೆ ಬಿಳಿಯಿಲ್ಲ.)

ಸುಳ್ಳು ಹೇಳಕಿಲ್ಲ. ಬೀಳಿಸಿವ್ನಿ. ಒಂದು ಪಕ್ಕಕ್ಕೆ ಕಾಲು ಹಾಕಿ, ಮಗು ಎತ್ಕಂಡು ಕೂತ ಹೆಂಗಸರನ್ನೇ ಜಾಸ್ತಿ. ನನ್ನಂಥೋನು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನೋರು ಬರೆದವ್ರೆ. ಹಂಗಿದ್ರೆ ಗಾಡಿ 25ರ ವೇಗದಲ್ಲಿ ಮೆಲ್ಲಗೆ ಏರಿ ಇಳೀತದೆ. ನನ್ನ ಅಗಲ ಎರಡು ಮೊಳ, ಎತ್ತರ ಮೊಣಕಾಲಿಗೆ ಹತ್ರ. ಕೋಪದಲ್ಲಿ ಹಾಕಿದ ಡಾಂಬರಿಗೆ ಅಳತೆ ಯಾರು ಇಡ್ತಾರೆ? ಬೋರ್ಡಿಲ್ಲ, ಬಣ್ಣ ಇಲ್ಲ, ಮೇಲಿನ ಬೀದಿದೀಪ ಉರಿಯಕಿಲ್ಲ. ದಾಟೋನನ್ನ ಕಾಯೋಕೆ ಬಂದು ಗಾಡಿಯೋನನ್ನ ಕೊಲ್ಲೋ ಕೆಲಸ ನನಗೆ ಬೇಡ.

ಕೊನೆಯದಾಗಿ ಓದುಗರಿಗೆ ಏನಾದರೂ?

ಗ್ರಾಮಸಭೆ ಆರು ತಿಂಗಳಿಗೊಂದಾದ್ರೂ ನಡೀಬೇಕು ಅಂತ ಕಾನೂನದೆ. ಹೋಗಿ. ಮನೆ ಪಟ್ಟಿ, ದನದ ಕೊಟ್ಟಿಗೆ ಪಟ್ಟಿ ಓದಿ ಮುಗಿದ ಮೇಲೆ ಎದ್ದು ನಿಂತು ನನ್ನ ಹೆಸರು ಹೇಳಿ. ಅಳತೆ ಸರಿ ಮಾಡಿಸಿ, ಬಿಳಿ ಬಣ್ಣ ಬಳಿಸಿ, ಇಸ್ಕೂಲ್ ಮುಂದೆ ಪಟ್ಟೆ ಹಾಕಿಸಿ ಅಂತ ನಡಾವಳಿಲಿ ಬರೆಸಿ, ಪಿಡಿಒ ಬರೆದದ್ದನ್ನ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ನಕಲು ಇಸ್ಕೊಳ್ಳೋದು ಮರೀಬೇಡಿ.