ಒಂದು ಚರಂಡಿ, ಮೂರು ಜಿಲ್ಲೆ

ಸಂದ್ರ ಎಂದರೆ ಸಮುದ್ರ. ಹಿಂದಿನವರು ಕೆರೆ ಕಟ್ಟಿಸಿ ಅದನ್ನು ಸಮುದ್ರವೆಂದು ಕರೆದರು. ಜನರ ಬಾಯಲ್ಲಿ ಸವೆದು ಸವೆದು ಅದು ಸಂದ್ರವಾಯಿತು. ಬೊಮ್ಮಸಂದ್ರ, ಸಿಂಗಸಂದ್ರಗಳ ಹಾಗೆಯೇ ನಮ್ಮ ತಿಪ್ಪಸಂದ್ರವೂ. (ಬೆಂಗಳೂರಿನ ಹೊಸ ತಿಪ್ಪಸಂದ್ರವಲ್ಲ, ಮಾಗಡಿ ತಾಲ್ಲೂಕಿನ ಹೋಬಳಿ. ಅಲ್ಲಿನವರಿಗೆ ಹೊಗಳಿಸಿಕೊಳ್ಳಲು ಬೇರೆ ಸಂಘಗಳಿವೆ.) ತಿಪ್ಪ ಎಂಬುದು ಯಾರೋ ಪುಣ್ಯಾತ್ಮನ ಹೆಸರಿರಬೇಕು. ಆತ ಯಾರೋ ಏನೋ, ಅವನ ಹೆಸರನ್ನೂ ಸಮುದ್ರವನ್ನೂ ಇಂದಿಗೂ ಜೀವಂತ ಇಟ್ಟಿರುವುದು ಹೋಬಳಿಯ ಒಂದು ಊರಿನ ವರ್ತಕರ ಸಂಘ: ಬೇಸಿಗೆಯಲ್ಲಿ ತಿಪ್ಪೆ, ಮಳೆಗಾಲದಲ್ಲಿ ಸಮುದ್ರ. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳ ಸಂಘದವರು ‘ನಾವೇನು ಕಮ್ಮಿ ಮಾಡಿದ್ದೀವಿ’ ಎಂದು ಬೇಜಾರು ಮಾಡಿಕೊಂಡಾರು.

ಸಂಘದ ಮೊದಲ ಸಾಧನೆ ಚರಂಡಿಯದು. ಪೇಟೆ ಬೀದಿಯ ಚರಂಡಿ ಮೊದಲು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಮೂಗಿಗೂ ಬಡಿಯುತ್ತಿತ್ತು. ಸದಸ್ಯರು ಒಬ್ಬರ ಹಿಂದೆ ಒಬ್ಬರು ಸ್ವಂತ ಖರ್ಚಿನಲ್ಲಿ ಅದರ ಮೇಲೆ ಚಪ್ಪಡಿ ಎಳೆದರು. ಬರಿಯ ಚಪ್ಪಡಿ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಈರುಳ್ಳಿ ಮೂಟೆ ಇಟ್ಟರು. ಮೂಟೆಗೆ ಬಿಸಿಲು ತಾಗಬಾರದೆಂದು ತಗಡಿನ ಶೀಟು ಹಾಕಿದರು. ಶೀಟಿಗೆ ಆಸರೆ ಬೇಕಲ್ಲ, ಕಬ್ಬಿಣದ ಕಂಬ ನೆಟ್ಟರು. ಸರ್ಕಾರದ ಒಂದು ಪೈಸೆ ಖರ್ಚಿಲ್ಲದೆ ಚರಂಡಿ ಮಾಯವಾಯಿತು. ಈಗ ಗ್ರಾಮ ಪಂಚಾಯಿತಿಯವರು ಹೂಳು ತೆಗೆಯಲು ಬಂದರೆ ಎಲ್ಲಿಂದ ತೆಗೆಯಬೇಕೆಂದು ತಿಳಿಯದೆ ಟೀ ಕುಡಿದು ಹೋಗುತ್ತಾರೆ. ಟೀ ಅಂಗಡಿಯೂ ಚರಂಡಿಯ ಮೇಲೆಯೇ ಇದೆ.

ಹಾಗೆಂದು ಸಂಘ ಕೈಕಟ್ಟಿ ಕೂತಿಲ್ಲ. ಚರಂಡಿ ಹೂಳೆತ್ತಿಸಬೇಕೆಂಬ ಅದರ ಮನವಿ ಪತ್ರ ಜಿಲ್ಲೆಯ ಚರಿತ್ರೆಗೇ ಒಂದು ದಾಖಲೆ. ಮೊದಲ ಪ್ರತಿಯಲ್ಲಿ ‘ಮಾನ್ಯ ಜಿಲ್ಲಾಧಿಕಾರಿಗಳು, ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ಸಂಘದವರು ಜಿಲ್ಲೆಯ ಹೆಸರು ತಿದ್ದಿ ಮತ್ತೆ ಕೊಟ್ಟರು. 2025ರ ಮೇ ತಿಂಗಳಲ್ಲಿ ರಾಮನಗರವನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಕರೆಯಲು ಸಚಿವ ಸಂಪುಟ ಒಪ್ಪಿತು, ಮತ್ತೆ ತಿದ್ದಿದರು. ಒಳಗಿನ ಒಕ್ಕಣೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಸರ್ಕಾರಗಳೇ ಮಾತು ಬದಲಿಸುವ ಕಾಲದಲ್ಲಿ ಇಂಥ ಸ್ಥಿರತೆ ಎಲ್ಲಿ ಸಿಕ್ಕೀತು? ಪ್ರತಿ ಸಲ ಮನವಿ ಕೊಡುವಾಗಲೂ ಫೋಟೋ ತೆಗೆಸಿದ್ದಾರೆ. ಅವನ್ನು ಸಾಲಾಗಿ ಇಟ್ಟು ನೋಡಿದರೆ ಅಧ್ಯಕ್ಷರ ತಲೆಕೂದಲು ಹಿಂದೆ ಸರಿದದ್ದು ಕಾಣುತ್ತದೆ, ಚಪ್ಪಡಿ ಮುಂದೆ ಸರಿದದ್ದೂ ಕಾಣುತ್ತದೆ.

ಮಾಗಡಿ ಎಂದ ಮೇಲೆ ಕೆಂಪೇಗೌಡರನ್ನು ನೆನೆಯಬೇಕು. ಬೆಂಗಳೂರು ಕಟ್ಟಿದಾಗ ಅವರು ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬಿಟ್ಟರು: ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ. ನಮ್ಮ ಸಂಘ ಈ ಭೇದವನ್ನು ಅಳಿಸಿಹಾಕಿದೆ. ಅಕ್ಕಿ, ಅರಳೆ, ಮಡಕೆ ಮೂರನ್ನೂ ನಡೆಯುವ ದಾರಿಯ ಮೇಲೆಯೇ ಒಟ್ಟಿಗೆ ಕೂರಿಸಿದೆ. ಅದೇ ದಾರಿಯಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ‘ಸಾರ್ವಜನಿಕರಿಗೆ ಅಡಚಣೆ’ ಎಂದು ಸಂಘ ಸರ್ವಾನುಮತದಿಂದ ಠರಾವು ಮಾಡಿ ಅವರನ್ನು ಎಬ್ಬಿಸಿತು. 2014ರಲ್ಲೇ ಬೀದಿ ವ್ಯಾಪಾರಿಗಳಿಗೊಂದು ಕಾಯ್ದೆ ಬಂದಿದೆಯಂತೆ. ಇರಲಿ, ಆ ಅಜ್ಜಿ ಸಂಘದ ಸದಸ್ಯೆಯಲ್ಲ, ಚಂದಾ ಕಟ್ಟಿಲ್ಲ.

ಪ್ಲಾಸ್ಟಿಕ್ ವಿರುದ್ಧದ ಸಮರವನ್ನೂ ಮರೆಯುವಂತಿಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದದ್ದು 2016ರಲ್ಲಿ, ಒಮ್ಮೆ ಬಳಸಿ ಬಿಸಾಡುವ ಸಾಮಾನುಗಳಿಗೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ. ಸಂಘ ಎರಡನ್ನೂ ಸ್ವಾಗತಿಸಿ ಬಟ್ಟೆ ಚೀಲ ಹಂಚಿತು. ಚೀಲದ ಒಂದು ಕಡೆ ಅಧ್ಯಕ್ಷರು, ಗೌರವಾಧ್ಯಕ್ಷರು. ಇನ್ನೊಂದು ಕಡೆ ಕಾರ್ಯದರ್ಶಿ, ಖಜಾಂಚಿ ಮತ್ತು ಹಿತೈಷಿಗಳು. ಹಂಚುವ ಮುನ್ನ ಧೂಳು ಕೂರಬಾರದೆಂದು ಪ್ರತಿ ಚೀಲವನ್ನೂ ಕವರಿನಲ್ಲಿ ಹಾಕಿಟ್ಟಿದ್ದರು. ಮಾರನೆಯ ದಿನ ಅಂಗಡಿಯಲ್ಲಿ ಒಬ್ಬರು ಹೆಂಗಸು ಆ ಚೀಲ ಬಗಲಲ್ಲೇ ಇಟ್ಟುಕೊಂಡು ಬದನೆಕಾಯಿಗೆ ಕವರ್ ಕೇಳುತ್ತಿದ್ದರು. ‘ಚೀಲ ಐತಲ್ಲಕ್ಕ’ ಅಂದ ಹುಡುಗ. ‘ದೊಡ್ಡೋರ ಮಕದ ಮ್ಯಾಲೆ ಬದನೆಕಾಯಿ ಸುರಿಯಕ್ಕಾಯ್ತದೇನಪ್ಪ’ ಅಂದರು ಆಕೆ. ಹುಡುಗ ಗೌರವದಿಂದಲೇ ಕವರ್ ಕೊಟ್ಟ.

ಸಂಘದ ಒಗ್ಗಟ್ಟು ನೋಡಬೇಕೆಂದರೆ 2025ರ ಜುಲೈಯನ್ನು ನೆನೆಯಬೇಕು. ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಮ್ಮ ಸಂಘದಲ್ಲಿ ಆ ಗೆರೆ ದಾಟಿದವರು ಯಾರೂ ಇಲ್ಲವೆಂದು ಎಲ್ಲರೂ ದೇವರ ಮೇಲೆ ಆಣೆ ಇಟ್ಟು ಹೇಳುತ್ತಾರೆ. ಆದರೂ ನೊಂದವರ ಜೊತೆ ನಿಲ್ಲಬೇಕೆಂದು ರಾತ್ರೋರಾತ್ರಿ ಕ್ಯೂಆರ್ ಚೀಟಿಗಳನ್ನು ಕಿತ್ತರು. ಇಪ್ಪತ್ತು ವರ್ಷದಲ್ಲಿ ಒಂದು ಚಪ್ಪಡಿಯನ್ನೂ ಎತ್ತಲಾಗದ ಕೈಗಳು ಇಡೀ ಬೀದಿಯ ಚೀಟಿಗಳನ್ನು ಒಂದೇ ರಾತ್ರಿಯಲ್ಲಿ ಎತ್ತಿಬಿಟ್ಟವು.

ಹಿಂದೆ ಐಹೊಳೆಯ ಐನೂರ್ವರೆಂಬ ವರ್ತಕರ ಸಂಘವಿತ್ತು. ದೇವಸ್ಥಾನಗಳಿಗೆ, ಧರ್ಮಕಾರ್ಯಗಳಿಗೆ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿತು. ನಮ್ಮವರೂ ಬಸ್ ನಿಲ್ದಾಣಕ್ಕೆ ಕಲ್ಲುಬೆಂಚು ಕೊಟ್ಟು ಬೆನ್ನೊರಗಿನ ಮೇಲೆ ಹೆಸರು ಕೆತ್ತಿಸಿದ್ದಾರೆ. ಬೆಂಚಿನ ಹಿಂದೆ ಆ ದಾನಕ್ಕೆ ಅಭಿನಂದನೆ ಹೇಳುವ ಫ್ಲೆಕ್ಸ್ ಇದೆ. ಬಸ್ಸು ಬರುವುದು ಆ ಫ್ಲೆಕ್ಸ್ ಕಡೆಯಿಂದ, ಹಾಗಾಗಿ ಕೂತವರಿಗೆ ಬಸ್ಸು ಕಾಣುವುದಿಲ್ಲ. ಬಸ್ಸು ಹೋದ ಮೇಲೆ ಬೆಂಚಿನ ಉಪಯೋಗ ಇನ್ನೂ ಹೆಚ್ಚು.

ಮೊನ್ನೆ ಜೋರು ಮಳೆ ಬಂತು. ಕೆರೆ ಕಟ್ಟಲು ಕೆಂಪೇಗೌಡರ ಕಾಲದಲ್ಲಿ ಸಾವಿರಾರು ಕೈ ಗುದ್ದಲಿ ಹಿಡಿಯಬೇಕಿತ್ತು; ಇಲ್ಲಿ ಚಪ್ಪಡಿ ಸಾಕಾಯಿತು. ಅರ್ಧ ಗಂಟೆಯಲ್ಲಿ ಪೇಟೆ ಬೀದಿ ಸಮುದ್ರ. ಈರುಳ್ಳಿ ತೇಲಿತು, ಅಕ್ಕಿ ಮುಳುಗಿತು, ಬಟ್ಟೆ ಚೀಲಗಳಲ್ಲಿ ಅಧ್ಯಕ್ಷರು ನಗುತ್ತಲೇ ಮಾಗಡಿ ರಸ್ತೆಯ ಕಡೆ ಹರಿದು ಹೋದರು. ಸಂಜೆಯೇ ತುರ್ತು ಸಭೆ. ಚಪ್ಪಡಿ ಎತ್ತೋಣವೇ ಎಂದು ಹೊಸ ಸದಸ್ಯನೊಬ್ಬ ಕೇಳಿದನಂತೆ. ಅವನಿಗೆ ಶಾಲು ಹೊದಿಸಿ ಕೂರಿಸಿದರು. ಆಮೇಲೆ ಮನವಿ ಪತ್ರವನ್ನೇ ಮತ್ತೆ ಕೊಡುವುದೆಂದು ತೀರ್ಮಾನವಾಯಿತು. ಖಜಾಂಚಿಗಳು ಲೆಕ್ಕಾಚಾರದ ಮನುಷ್ಯ, ಮುದ್ರಣದ ಖರ್ಚು ಉಳಿಸಲು ಅವರೊಂದು ಸಲಹೆ ಕೊಟ್ಟರು. ಈ ಸಲ ಇನ್ನೂರು ಪ್ರತಿ ಒಟ್ಟಿಗೆ ಅಚ್ಚಾಗಿವೆ, ಜಿಲ್ಲೆಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು.